ಖಡಕ್ ರೊಟ್ಟಿಯ ಸಪ್ಪಳ

ಖಡಕ್ ರೊಟ್ಟಿಯನ್ನು ಸದ್ದಿಲ್ಲದೆ ತಿನ್ನಲಾಗದು ಎಂದು ನೀವು ನಂಬಿದ್ದರೆ ಅದು ತಪ್ಪು. ಕಳೆದ ಚಳಿಗಾಲದಲ್ಲಿ ನಾನು ಆ ವಿದ್ಯೆಯನ್ನು ಸಾಧಿಸಿದ್ದೆ. ರೊಟ್ಟಿಯನ್ನು ಬೇಳೆಯಲ್ಲಿ ಮುಳುಗಿಸಿ, ಅದು ತನ್ನ ಸ್ವಾಭಿಮಾನವನ್ನೆಲ್ಲ ಬಿಟ್ಟುಕೊಡುವವರೆಗೆ ಕಾದು, ಚಮಚದಿಂದ ತಿನ್ನಬೇಕು. ರುಚಿಯ ಮಾತು ಎತ್ತಬಾರದು.

ಜೀವಮಾನವಿಡೀ ಶಾಲೆಯ ಮೈದಾನದಲ್ಲಿ ಸೀಟಿ ಊದಿದ ಡ್ರಿಲ್ ಮಾಸ್ತರನಿಗೆ ಈ ಮೌನವ್ರತ ಏಕೆಂದರೆ, ನನ್ನ ಹೆಂಡತಿ ಗಂಗಮ್ಮ ಮಂಚ ಹಿಡಿದಿದ್ದಳು. ಜ್ವರವಲ್ಲ, ನೋವಲ್ಲ; ಊಟ, ನಿದ್ದೆ, ಮಾತು ಒಂದೊಂದಾಗಿ ಅವಳನ್ನು ಬಿಟ್ಟುಹೋಗಿದ್ದವು. ಸೇಡಂ ರಸ್ತೆಯ ಡಾಕ್ಟರು ಇದು ಖಿನ್ನತೆಯೆಂದು ಗುಳಿಗೆ ಬರೆದುಕೊಟ್ಟು, ನಿಧಾನಕ್ಕೆ ಇಳಿಯುತ್ತದೆ, ತಾಳ್ಮೆಯಿರಲಿ ಎಂದರು. ತಾಳ್ಮೆಯನ್ನು ನಾನು ಶಿಸ್ತೆಂದು ಅರ್ಥಮಾಡಿಕೊಂಡೆ. ಶರಣಬಸವೇಶ್ವರ ಗುಡಿಯ ಕಡೆಗಿನ ಬೆಳಗಿನ ನಡಿಗೆ ಬಂದ್, ಗೆಳೆಯರೊಡನೆ ಚಹಾ ಬಂದ್, ರೇಡಿಯೊ ಬಂದ್, ಕೊನೆಗೆ ರೊಟ್ಟಿಯ ಸಪ್ಪಳವೂ ಬಂದ್. ಅವಳ ಕೋಣೆಯ ಹೊರಗೆ ಕುರ್ಚಿ ಹಾಕಿಕೊಂಡು ಸಾವಧಾನ್ ಭಂಗಿಯಲ್ಲಿ ಕುಳಿತೆ. ಕುಳಿತಲ್ಲೇ ಸಾವಧಾನ್ ಆಗುವುದು ಯಾವ ಕವಾಯತಿನಲ್ಲೂ ಇಲ್ಲ. ಅದು ನನ್ನದೇ ಆವಿಷ್ಕಾರ. ಬಿಪಿ ಏರಿತು, ಪ್ಯಾಂಟು ಸಡಿಲವಾಯಿತು. ಗಂಗಮ್ಮ ಮಾತ್ರ ಇದ್ದಲ್ಲೇ ಇದ್ದಳು.

ಒಮ್ಮೆ ಪಕ್ಕದ ಮನೆಯ ಶಮೀಮ್ ಆಪಾ ತಂದುಕೊಟ್ಟ ಕೆಂಪು ಬಾಳೆಹಣ್ಣನ್ನು ಅವಳು ಅರ್ಧ ತಿಂದಳು. ಆ ಅರ್ಧ ಹಣ್ಣಿನ ಆಸೆಯಿಂದ ನಾನು ಕೆಂಪು ಬಾಳೆಗೇ ಹೆಸರಾದ ಕಮಲಾಪುರದ ಬಸ್ ಹತ್ತಿದೆ. ಶಮೀಮ್ ಆಪಾ, “ಹೋಗಿಬರ್ರಿ ಮಾಸ್ತರ, ಗಂಗಕ್ಕನ ಹತ್ತಿರ ನಾ ಕೂಡ್ತೀನಿ” ಎಂದು ನನ್ನನ್ನು ಹೆಚ್ಚುಕಡಿಮೆ ಹೊರದಬ್ಬಿದರು.

ಕಮಲಾಪುರದಲ್ಲಿ ನನ್ನ ಅಕ್ಕ ಇದ್ದಾಳೆ. ಅವಳು ಬಡಿಸಿದ ರೊಟ್ಟಿಯನ್ನು ನಾನು ಅಭ್ಯಾಸಬಲದಿಂದ ಬೇಳೆಗೆ ಹಾಕಿ ಕಾಯುತ್ತ ಕುಳಿತೆ.

“ಯಾಕೋ ತಮ್ಮಾ, ಹಲ್ಲು ಬಸ್ಸಿನಾಗ ಬಿಟ್ಟು ಬಂದಿಯೇನು?”

ಗಂಗಮ್ಮನಿಗೆ ತ್ರಾಸ ಆಗಬಾರದೆಂದು ಹೀಗೆ ರೂಢಿಯಾಗಿದೆ ಎಂದೆ. ಅಕ್ಕ ನನ್ನ ಕೊರಳ ಎಲುಬನ್ನು ನೋಡುತ್ತ ಕೇಳಿದಳು: “ಸಪ್ಪಳ ಮಾಡಬ್ಯಾಡ ಅಂತ ಆಕಿ ಹೇಳ್ಯಾಳೇನು?”

“ಇಲ್ಲ.”

“ಮತ್ತ? ನೀನೂ ಮಂಚ ಹಿಡದ್ರ ಇಬ್ಬರಿಗೂ ನೀರು ಕೊಡಾಕ ನಾ ಬರಬೇಕೇನು? ಮೊದಲು ನೆಟ್ಟಗ ಉಣ್ಣು.”

ನೆಟ್ಟಗೆ ಉಂಡೆ. ಖಾರದ ಶೇಂಗಾ ಹಿಂಡಿ, ಹುಳಿಹುಳಿ ಪುಂಡಿಪಲ್ಯ, ಮುರಿದರೆ ಟಣ್ಣೆನ್ನುವ ರೊಟ್ಟಿ. ಅಷ್ಟು ದಿನ ನನಗೆ ಹಸಿವಾಗಿತ್ತೆಂಬುದು ಹೊಟ್ಟೆ ತುಂಬಿದ ಮೇಲೆ ತಿಳಿಯಿತು.

ಹಣ್ಣು ಹಿಡಿದು ಸಂಜೆಗೆ ಮನೆಗೆ ಮರಳಿದೆ. ಮರುದಿನ ಬೆಳಿಗ್ಗೆ ಶಮೀಮ್ ಆಪಾರನ್ನು ಗಂಗಮ್ಮನ ಹತ್ತಿರ ಕೂರಿಸಿ ಗುಡಿಯ ಕಡೆ ನಡೆದುಬಂದೆ. ಮಧ್ಯಾಹ್ನ ಒಣರೊಟ್ಟಿಯನ್ನೇ ಮುರಿದೆ. ಆ ನಿಶ್ಶಬ್ದ ಮನೆಯಲ್ಲಿ ಅದು ಪಟಾಕಿಯಂತೆ ಸಿಡಿಯಿತು. ಒಳಗಿನಿಂದ ದನಿ ಬಂತು:

“ಎಷ್ಟ ಸಪ್ಪಳ್ರೀ ನಿಮ್ಮದು!”

ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. “ನಿಲ್ಲಿಸ್ಲೇನು?” ಎಂದೆ.

ಒಳಗೆ ಮಂಚ ಕಿರುಗುಟ್ಟಿತು. ಆಮೇಲೆ, “ಬ್ಯಾಡ್ರೀ, ಉಣ್ರಿ. ಇಷ್ಟು ದಿನ ಮನ್ಯಾಗ ಯಾರೂ ಇಲ್ಲೇನೋ ಅನಸ್ತಿತ್ತು.”

ಗಂಗಮ್ಮ ಇನ್ನೂ ಪೂರ್ತಿ ಎದ್ದಿಲ್ಲ. ಗುಳಿಗೆ ನಡೆದಿದೆ, ಕೆಲವು ದಿನ ಕೋಣೆಯ ಬಾಗಿಲೇ ತೆರೆಯುವುದಿಲ್ಲ. ಅಂಥ ದಿನವೂ ನಾನು ನಡೆದುಬರುತ್ತೇನೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ, ರೊಟ್ಟಿಯ ಒಂದು ತಟ್ಟೆಯನ್ನು ಅವಳ ಮಗ್ಗುಲಲ್ಲಿಟ್ಟು ಬರುತ್ತೇನೆ. ಸದ್ದಿಲ್ಲದೆ ರೊಟ್ಟಿ ತಿನ್ನುವ ವಿದ್ಯೆ ನನಗೀಗ ಮರೆತೇಹೋಗಿದೆ. ನಿನ್ನೆ ನಾನು ಮುರಿದು ಬಾಯಿಗಿಡುವಷ್ಟರಲ್ಲಿ, ಒಳಗಿನಿಂದಲೂ ಕಟಕ್ಕೆಂದಿತು.