ಸವರಿಯಮ್ಮಾಳ್ ಎಣಿಸಿದ ಸೋಮವಾರಗಳು

ಸವರಿಯಮ್ಮಾಳ್‌ಗೆ ಸಿಟ್ಟು ಬಂದರೆ ನಮ್ಮ ಎಸ್ಟೇಟಿನಲ್ಲಿ ಅದು ಸುದ್ದಿಯಲ್ಲ. ಹಾಲಿನ ಪುಡಿ ಗಂಟುಗಟ್ಟಿದ್ದರೆ ಸ್ಟೋರಿನವನಿಗೆ ಬಯ್ಗುಳ, ಚಾಪೆ ಒಣಗದಿದ್ದರೆ ಆಕಾಶಕ್ಕೆ ಬಯ್ಗುಳ. ಹತ್ತೊಂಬತ್ತು ವರ್ಷ ಚಹಾ ಚಿಗುರು ಕಿತ್ತವಳು. ಬಲ ಮೊಣಕೈ ಮಡಚಲು ಬಾರದಂತಾದ ಮೇಲೆ ಮೇಲಿನ ಡಿವಿಷನ್ನಿನ ಮಕ್ಕಳ ಮನೆಗೆ ಆಯಾ ಆಗಿ ಬಂದಳು. ತಾಯಂದಿರು ಗುಡ್ಡದ ಮೇಲಿರುವಷ್ಟು ಹೊತ್ತು ಇಪ್ಪತ್ಮೂರು ಮಕ್ಕಳು ಅವಳ ಪಾಲಿಗೆ. ಅವಳು ಬಯ್ಯುವುದು ದೊಡ್ಡವರನ್ನು ಮಾತ್ರ. ಹನ್ನೊಂದು ವರ್ಷದಲ್ಲಿ ಒಂದು ಮಗುವಿನ ಮೇಲೆ ಅವಳು ದನಿ ಎತ್ತಿದ್ದನ್ನು ನಾನು ಕೇಳಿಲ್ಲ. ನನ್ನ ಡಿಸ್ಪೆನ್ಸರಿಗೂ ಆ ಮನೆಗೂ ನಡುವೆ ಇರುವುದು ಒಂದೇ ಗೋಡೆ, ಎತ್ತಿದ್ದರೆ ಕೇಳಿಸದೆ ಇರುತ್ತಿರಲಿಲ್ಲ.

ಆ ವರ್ಷ ಫೆಬ್ರವರಿಯಲ್ಲಿ ಪೊನ್ನುತ್ತಾಯಿಯ ಮಗಳು ತೇನ್ಮೊಳಿ ಮಕ್ಕಳ ಮನೆಗೆ ಸೇರಿದಳು. ಮೂರು ವರ್ಷ. ಅಪಸ್ಮಾರ ಎಂದು ಪೊಳ್ಳಾಚಿಯ ಡಾಕ್ಟರು ಗುರುತಿಸಿ ಸಿರಪ್ ಬರೆದಿದ್ದರು: ಬೆಳಿಗ್ಗೆ ಐದು ಮಿಲಿ, ಸಂಜೆ ಐದು ಮಿಲಿ, ನಡುವೆ ಹನ್ನೆರಡು ಗಂಟೆ. ಗಂಡ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ. ಪೊನ್ನುತ್ತಾಯಿ ಆರೂವರೆಗೆಲ್ಲ ಹಾಜರಿ ಕರೆಯುವ ಕಡೆ ಹೊರಡಬೇಕು. ಮನೆಯಲ್ಲಿ ಉಳಿಯುವವಳು ಅತ್ತೆ ಕರುಪ್ಪಾಯಿ. ಅವಳಿಗೆ ಕಣ್ಣು ಮಂಜು. ಬೆಳಿಗ್ಗೆ ಮಗುವನ್ನು ಮಕ್ಕಳ ಮನೆಗೆ ಬಿಟ್ಟು ಬರಬಲ್ಲಳು, ಆದರೆ ಓಡಾಡುವ ಮಗುವನ್ನು ದಿನವಿಡೀ ಹಿಡಿಯಲಾರಳು, ಗಡಿಯಾರ ನೋಡಲಾರಳು.

ಔಷಧದ ಏರ್ಪಾಡು ನನ್ನದೇ. ಅಳತೆಯ ಕಪ್ಪಿನ ಒಳಗೆ ಐದು ಮಿಲಿಯ ಮಟ್ಟಕ್ಕೆ ಅರದಿಂದ ಗೀರು ಹಾಕಿದೆ. ಅಜ್ಜಿಯ ಬೆರಳಿಗೆ ಅದು ಸಿಗುತ್ತಿತ್ತು. ಹೊತ್ತಿಗೆ ಫ್ಯಾಕ್ಟರಿಯ ಸೈರನ್ ಇತ್ತು. ಬೆಳಿಗ್ಗೆ ಏಳಕ್ಕೊಂದು, ಸಂಜೆ ಪಾಳಿ ಬದಲಾಗುವ ಏಳಕ್ಕೊಂದು. "ಸೈರನ್ ಕೂಗಿದಾಗ ಕೊಡಿ ಅಜ್ಜಿ, ಕೂಗದೆ ಕೊಡಬೇಡಿ. ಔಷಧ ನಿಮ್ಮೊಬ್ಬರ ಕೈಯಲ್ಲೇ ಇರಲಿ. ಇಬ್ಬರು ಕೊಡೋಕೆ ಹೋದ್ರೆ ಎರಡು ಸಲ ಆಗಿಬಿಡುತ್ತೆ," ಎಂದೆ. ಅಚ್ಚುಕಟ್ಟಾಗಿದೆ ಅಂತ ನನಗೆ ನಾನೇ ಅಂದುಕೊಂಡೆ.

ಮಗು ಬಂದ ದಿನವೇ ಸವರಿಯಮ್ಮಾಳ್ ಡಿಸ್ಪೆನ್ಸರಿಗೆ ಬಂದಳು.

"ಬಿದ್ರೆ ಏನ್ ಮಾಡ್ಬೇಕು ಹೇಳಿ ಕಂಪೌಂಡರಣ್ಣ. ಚೀಟಿ ಬೇಡ, ಮಾಡಿ ತೋರಿಸಿ."

ಪಕ್ಕದ ಮಕ್ಕಳ ಮನೆಗೆ ಹೋಗಿ ನಾನು ಅವಳ ಚಾಪೆಯ ಮೇಲೆ ಮಲಗಿದೆ. ಅವಳು ನನ್ನನ್ನು ಎಡಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಸೀರೆ ಮಡಚಿಟ್ಟು, ಗೋಡೆಯ ಗಡಿಯಾರ ನೋಡಿದಳು. ಬಾಯಿಗೆ ಏನೂ ಹಾಕುವಂತಿಲ್ಲ, ಕೈಕಾಲು ಅದುಮಿ ಹಿಡಿಯುವಂತಿಲ್ಲ, ಐದು ನಿಮಿಷ ದಾಟಿದರೆ ಜೀಪಿನಲ್ಲಿ ಆಸ್ಪತ್ರೆಗೆ. ಮಕ್ಕಳೆಲ್ಲ ಕೈತಟ್ಟಿ ನಕ್ಕವು. ಅಂದೇ ಅವಳು ತೇನ್ಮೊಳಿಯನ್ನು ಸೀರೆತೊಟ್ಟಿಲಿನಿಂದ ಇಳಿಸಿ, ಒಲೆಯಿಂದ ದೂರ, ತನ್ನ ಕಣ್ಣೆದುರಿಗೆ ಹಾಸಿಗೆ ಹಾಕಿದಳು. ತೊಟ್ಟಿಲೊಳಗೆ ಮಗು ಕೊಸರಾಡಿದರೆ ಹೊರಗಿನವರಿಗೆ ಅದು ತೂಗಿದಂತೆಯೇ ಕಾಣುತ್ತದೆ ಎನ್ನುವುದು ನನಗೆ ಹೊಳೆದಿರಲಿಲ್ಲ.

ಮೊದಲ ಫಿಟ್ಸ್ ಬಂದದ್ದು ಒಂದು ಸೋಮವಾರ, ಹತ್ತು ಗಂಟೆಯ ಸುಮಾರಿಗೆ. ಕಸ ಗುಡಿಸುವವಳು ಬೀಗದ ಕೈಗೊಂಚಲು ಹಿಡಿದು ಓಡಿ ಬಂದಳು.

"ಕಬ್ಬಿಣ ಹಿಡಿಸಿ ಅಕ್ಕಾ, ನಿಲ್ಲುತ್ತೆ!"

"ಇದೇನು ಮಗುವಾ, ಪೆಟ್ಟಿಗೆಯಾ, ಕೀಲಿ ಹಾಕೋಕೆ? ಗಾಳಿ ಬಿಟ್ಟು ಆಚೆ ನಿಲ್ಲು!"

ಎರಡು ನಿಮಿಷಕ್ಕೆ ನಿಂತಿತು. ಮಗು ನಿದ್ದೆ ಹೋಯಿತು. ಸವರಿಯಮ್ಮಾಳ್ ಗೋಡೆಯ ದಿನಸಿ ಅಂಗಡಿ ಕ್ಯಾಲೆಂಡರಿನಲ್ಲಿ ಆ ದಿನದ ಸುತ್ತ ನೀಲಿ ಪೆನ್ಸಿಲಿನಿಂದ ಒಂದು ವೃತ್ತ ಎಳೆದಳು. ಮಾರ್ಚ್ ಮುಗಿಯುವ ಹೊತ್ತಿಗೆ ವೃತ್ತಗಳು ಏಳಾದವು.

ಮಾತು ಶುರುವಾಗಿದ್ದು ಚಿಗುರು ತೂಗುವ ಕಡೆಯಿಂದ. ಪವಳಕ್ಕೊಡಿ ಎಂಬವಳ ಬಾಯಿ ದೊಡ್ಡದು. ಅವಳ ಮಗನೂ ಅದೇ ಮಕ್ಕಳ ಮನೆಯಲ್ಲಿದ್ದ. "ಭಾನುವಾರ ಮನೆ ಮುಂದೆ ಕುಣೀತಾ ಇರುತ್ತೆ ಆ ಮಗು. ಸೋಮವಾರ ಆಯಾ ಕೈಗೆ ಹೋಗಿದ್ದೇ ತಡ, ದೊಪ್ ಅಂತ ಬೀಳುತ್ತೆ. ಅದೇನ್ ಮಾಡ್ತಾಳೋ ಒಳಗೆ!" ಇನ್ನೊಬ್ಬಳು ಮಾಟದ ಮಾತೆತ್ತಿದಳು. ಎರಡು ದಿನ ಬಿಟ್ಟು ಪೊನ್ನುತ್ತಾಯಿಯೇ ನೆಲ ನೋಡುತ್ತ ಕೇಳಿದಳಂತೆ, "ಅಕ್ಕಾ, ನೀವವಳನ್ನ ಗದರಿಸ್ತೀರಾ?"

 ಗೋಡೆಯಾಚೆ ಇಡೀ ಮಧ್ಯಾಹ್ನ ಸವರಿಯಮ್ಮಾಳ್ ಪಾತ್ರೆಗಳನ್ನು ಜೋರಾಗಿ ಕುಕ್ಕುವ ಸದ್ದು ಕೇಳಿತು.

ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಒಂದೂ ಫಿಟ್ಸ್ ಬರಲಿಲ್ಲ. ಔಷಧ ಹಿಡಿಯಿತು ಎಂದು ನಾನು ನಂಬಿದೆ. ಜೂನ್‌ನಲ್ಲಿ ಮತ್ತೆ ಶುರುವಾಯಿತು. ನಾಲ್ಕು ಸೋಮವಾರಗಳಲ್ಲಿ ಮೂರು ಸಲ.

ನಾಲ್ಕನೇ ಸೋಮವಾರ ಚಿಕ್ಕ ದೊರೆ, ಅಂದರೆ ಅಸಿಸ್ಟೆಂಟ್ ಮ್ಯಾನೇಜರ್, ಮಕ್ಕಳ ಮನೆಯ ಬಾಗಿಲಿಗೆ ಬಂದರು. ಜುಲೈಯಲ್ಲಿ ವಿದೇಶದಿಂದ ತಪಾಸಣೆಯವರು ಬರುವುದಿತ್ತು. ಅವರು ಸರ್ಟಿಫಿಕೇಟ್ ಕೊಟ್ಟರೆ ಮಾತ್ರ ನಮ್ಮ ಚಹಾ ಹಡಗು ಹತ್ತುತ್ತದೆ.

"ಈ ಶನಿವಾರ ಕೊನೆ. ಆ ಮಗುನ ಮನೆಗೆ ಕಳಿಸು. ಬಂದವರೆದುರು ಅದು ಬಿದ್ದು ಒದ್ದಾಡಿದ್ರೆ ನಮ್ಮ ಚಹಾದ ಗತಿ ಏನು?"

"ಚಹಾದ ಗತಿ ಕೇಳಿದ್ರಿ ದೊರೆ. ಮಗು ಗತಿ ಯಾರು ಕೇಳ್ಬೇಕು, ಗುಡ್ಡದ ಮೇಲಿನ ಮೇಕೆನಾ?"

"ತಾಯಿ ಮನೇಲಿ ಕೂತು ನೋಡ್ಕೊಳ್ಳಲಿ."

ತಾಯಿ ತಾತ್ಕಾಲಿಕ ಪಟ್ಟಿಯಲ್ಲಿದ್ದವಳು. ಹತ್ತು ದಿನ ಕೂತರೆ ಹೆಸರು ಹೋಗುತ್ತದೆ. ಹೆಸರು ಹೋದರೆ ಎಸ್ಟೇಟು ಕೊಟ್ಟ ಲೈನಿನ ಮನೆ ಹೋಗುತ್ತದೆ. ಇದು ಚಿಕ್ಕ ದೊರೆಗೂ ಗೊತ್ತಿತ್ತು. ಗೊತ್ತಿದ್ದೂ ಅಷ್ಟು ಸಲೀಸಾಗಿ ಹೇಳಿದರಲ್ಲ ಎಂದು ಗೋಡೆಯ ಈಚೆ ನನಗೂ ಮೈ ಉರಿಯಿತು. ಆದರೆ ನಾನು ಎದ್ದು ಹೋಗಲಿಲ್ಲ. ಅದನ್ನೂ ಬರೆದಿಡಬೇಕು.

ಗುರುವಾರ ಸಂಜೆ ಸವರಿಯಮ್ಮಾಳ್ ಕ್ಯಾಲೆಂಡರನ್ನು ಮೊಳೆಯಿಂದ ಕಿತ್ತು ತಂದು ನನ್ನ ಮೇಜಿನ ಮೇಲೆ ಬಡಿದಳು.

"ಓದಿದೋರಲ್ವಾ? ಓದಿ."

"ಎಲ್ಲಾ ಸೋಮವಾರ ಸವರಿಯಕ್ಕ."

"ಅದು ಮೇಕೆ ಕಾಯೋರಿಗೂ ಗೊತ್ತು. ಏಪ್ರಿಲ್, ಮೇನಲ್ಲಿ ಸೋಮವಾರ ಬರ್ಲಿಲ್ವಾ? ಆಗ ನನ್ನ ಮಾಟ ಎಲ್ಲಿ ಹೋಗಿತ್ತು? ಆಮೇಲೆ ಇದು ನೋಡಿ, ಇದೊಂದು ಶನಿವಾರ."

ಮಾರ್ಚಿನ ಆ ಶನಿವಾರದ ಹಿಂದಿನ ದಿನದ ಚೌಕದಲ್ಲಿ ಸಣ್ಣ ಶಿಲುಬೆ ಇತ್ತು. ಗುಡ್ ಫ್ರೈಡೇ. ಎಸ್ಟೇಟಿಗೆ ರಜೆ.

ಏಪ್ರಿಲ್, ಮೇನಲ್ಲಿ ಏನಿತ್ತು? ಚಿಗುರು ಉಕ್ಕಿ ಬಂದು ಫ್ಯಾಕ್ಟರಿ ಒಂದು ದಿನವೂ ನಿಂತಿರಲಿಲ್ಲ. ಭಾನುವಾರವೂ ಕೆಲಸ, ಭಾನುವಾರವೂ ಸೈರನ್.

 ಔಷಧದ ಪುಸ್ತಕ ತೆಗೆದೆ. ದಿನಕ್ಕೆ ಹತ್ತು ಮಿಲಿಯಂತೆ ಇನ್ನೂರು ಮಿಲಿಯ ಬಾಟಲಿ ಇಪ್ಪತ್ತು ದಿನಕ್ಕೆ ಮುಗಿಯಬೇಕು. ಮೊದಲ ಬಾಟಲಿ ಇಪ್ಪತ್ಮೂರು ದಿನ ಬಂದಿತ್ತು. ಆ ಇಪ್ಪತ್ಮೂರರಲ್ಲಿ ಮೂರು ಭಾನುವಾರ. ನನ್ನದೇ ಅಕ್ಷರ, ನನ್ನದೇ ತಾರೀಖು.

ಇಬ್ಬರೂ ಲೈನಿಗೆ ನಡೆದೆವು. ಕರುಪ್ಪಾಯಿ ಹೊಸಿಲ ಮೇಲೆ ಕೂತು ಕೀರೆ ಸೊಪ್ಪು ಬಿಡಿಸುತ್ತಿದ್ದಳು.

"ಅಜ್ಜಿ, ಭಾನುವಾರ ಔಷಧ ಎಷ್ಟೊತ್ತಿಗೆ ಕೊಡ್ತೀರಿ?"

"ಭಾನುವಾರ ಎಲ್ಲಪ್ಪಾ ಸೈರನ್? ಕೂಗದೆ ಕೊಡಬೇಡ ಅಂತ ನೀನೇ ಹೇಳಿದ್ಯಲ್ಲ. ಔಷಧಕ್ಕೂ ಒಂದು ರಜೆ ಬೇಕೇನೋ ಅಂದ್ಕೊಂಡೆ. ಅವತ್ತು ಮಗುಗೆ ಮಂಪರೂ ಇರಲ್ಲ, ಚೆನ್ನಾಗಿ ಆಡ್ಕೊಂಡಿರುತ್ತೆ. ನಾನು ಒಂದು ದಿನ ತಪ್ಪಿಸಿಲ್ಲಪ್ಪ, ಬೇಕಾದ್ರೆ ಕೇಳು."

ಅವಳು ನಿಜವಾಗಿಯೂ ಏನೂ ತಪ್ಪಿಸಿರಲಿಲ್ಲ. ನಾನು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ್ದಳು. ಭಾನುವಾರ ಎರಡು ಸಲದ ಔಷಧ ಬಿದ್ದಿಲ್ಲ. ಸೋಮವಾರ ಬೆಳಿಗ್ಗೆ ಕೊಟ್ಟದ್ದು ರಕ್ತದಲ್ಲಿ ಸಾಕಷ್ಟು ಕೂಡುವ ಮೊದಲೇ ಮಗು ಬೀಳುತ್ತಿತ್ತು, ಆಯಾಳ ಚಾಪೆಯ ಮೇಲೆ.

ಕೆಲಸದಿಂದ ಬಂದ ಪೊನ್ನುತ್ತಾಯಿಗೆ ಎಲ್ಲವನ್ನೂ ಹೇಳಿ, ಅವಳ ಫೋನಿನಲ್ಲಿ ವಾರದ ಏಳೂ ದಿನ, ಏಳಕ್ಕೂ ಏಳಕ್ಕೂ ಅಲಾರಂ ಇಟ್ಟೆ. ಬೆಳಿಗ್ಗೆ ಫೋನನ್ನು ಅಜ್ಜಿಯ ಬಳಿ ಬಿಟ್ಟು ಹೋಗುವುದು ಎಂದಾಯಿತು. ಪೊನ್ನುತ್ತಾಯಿ ಸವರಿಯಮ್ಮಾಳ್‌ಳ ಕೈ ಹಿಡಿಯಲು ಹೋದಳು. ಅವಳು ಕೊಡಲಿಲ್ಲ. "ಆಮೇಲೆ ಅಳು. ಮೊದಲು ಮಗುಗೆ ಉಣ್ಣಿಸು," ಅಂದಳು.

ದಾರಿಯಲ್ಲಿ ಸಿಡಿದಳು.

"ಹತ್ತು ಸಲ ಬಿತ್ತು ಆ ಕೂಸು. ಹತ್ತು ಸಲ! ನನ್ನನ್ನ ಮಾಟಗಾತಿ ಅಂದ್ರು. ನೀವು ಕಪ್ಪಿಗೆ ಗೀರು ಹಾಕ್ಕೊಂಡು ಕೂತಿದ್ರಿ."

"ತಪ್ಪಾಯ್ತು ಸವರಿಯಕ್ಕ."

"ನನಗ್ಯಾಕೆ ಹೇಳ್ತೀರಿ? ಬರೀರಿ. ಬರೆದು ಎಲ್ಲರ ಮುಂದೆ ಓದಿ."

ಬರೆದೆ. ಶುಕ್ರವಾರ, ಹಾಜರಿ ಮುಗಿಸಿ ಮಕ್ಕಳ ಮನೆಗೆ ಮಕ್ಕಳನ್ನು ಬಿಡಲು ಬಂದ, ಬುಟ್ಟಿ ಹೊತ್ತ ಹೆಂಗಸರ ಮುಂದೆ ಓದಿದೆ: ಮಗುವಿಗೆ ಫಿಟ್ಸ್ ಬಂದದ್ದು ಡಿಸ್ಪೆನ್ಸರಿ ಕೊಟ್ಟ ತಪ್ಪು ಸೂಚನೆಯಿಂದ, ಆಯಾಳಿಂದಲ್ಲ, ಔಷಧ ಸರಿಯಾಗಿ ಬಿದ್ದರೆ ಈ ಮಗುವನ್ನು ಮಕ್ಕಳ ಮನೆಯಲ್ಲಿ ಇಟ್ಟುಕೊಳ್ಳಲು ಯಾವ ಅಡ್ಡಿಯೂ ಇಲ್ಲ.

ಅಲ್ಲೇ ಇದ್ದ ಚಿಕ್ಕ ದೊರೆ ಕಾಗದವನ್ನು ಇಸಿದುಕೊಂಡು ಮಡಚಿ ಜೇಬಿಗಿಟ್ಟರು. "ಕಂಪೌಂಡರ್ ಚೀಟಿಗೆಲ್ಲ ನಾನು ಆರ್ಡರ್ ಬದಲಿಸೋಕಾಗಲ್ಲ. ನಾಳೆ ಕೊನೆ, ಕೊನೇನೇ."

ಸವರಿಯಮ್ಮಾಳ್ ಮಕ್ಕಳ ಮನೆಯ ಬೀಗದ ಕೈಯನ್ನು ರವಿಕೆಯೊಳಗೆ ಸೇರಿಸಿದಳು. ಮೆಟ್ಟಿಲ ಮೇಲೆ ಕೂತಳು. ತೇನ್ಮೊಳಿಯನ್ನು ತೊಡೆಯ ಮೇಲೆ ಕೂರಿಸಿಕೊಂಡಳು.

"ನಾಳೆ ಯಾಕೆ? ಇವತ್ತೇ ಕೊನೆ ಮಾಡೋಣ. ಒಂದು ಮಗುಗೆ ಜಾಗ ಇಲ್ದಿದ್ರೆ ಇಪ್ಪತ್ಮೂರಕ್ಕೂ ಇಲ್ಲ. ಬಾಗಿಲು ತೆಗೆಯಲ್ಲ."

 ಪವಳಕ್ಕೊಡಿ ತನ್ನ ಮಗನನ್ನು ಸೊಂಟದಿಂದ ಇಳಿಸಲೂ ಇಲ್ಲ, ಮುಂದಕ್ಕೆ ಹೆಜ್ಜೆ ಇಡಲೂ ಇಲ್ಲ. ಕೊನೆಗೆ ಬುಟ್ಟಿಯನ್ನು ನೆಲಕ್ಕೆ ಕುಕ್ಕಿದಳು.

"ನನಗೆ ಇವಳನ್ನ ಕಂಡ್ರೆ ಆಗಲ್ಲ, ಎಲ್ರಿಗೂ ಗೊತ್ತು," ಎಂದು ಚಿಕ್ಕ ದೊರೆಯ ಕಡೆ ತಿರುಗಿದಳು. "ಆದ್ರೆ ತಪ್ಪು ಮಾಡಿದ್ದು ಕಂಪೌಂಡರಯ್ಯ, ಮನೆಗೆ ಹೋಗೋದು ಮಗುನಾ? ನಾಳೆ ನನ್ನ ಮಗಂಗೆ ಕೆಮ್ಮು ಬಂದ್ರೆ ಇವನನ್ನೂ ಕಳಿಸ್ತೀರಾ?"

ಬುಟ್ಟಿಗಳು ಒಂದೊಂದಾಗಿ ಕೆಳಗಿಳಿದವು. ಎಂಟೂಕಾಲಾಯಿತು. ಗುಡ್ಡದ ಮೇಲೆ ಬಿಸಿಲು ಬಂತು, ಒಂದು ಚಿಗುರೂ ಬುಟ್ಟಿಗೆ ಬಿದ್ದಿರಲಿಲ್ಲ. ಚಿಕ್ಕ ದೊರೆ ಬಂಗಲೆಗೆ ಫೋನ್ ಮಾಡಿ, ದೂರ ಹೋಗಿ ಮಾತಾಡಿ, ಬಂದು ಮಕ್ಕಳ ಮನೆಯ ಹಾಜರಿ ಪುಸ್ತಕ ತರಿಸಿದರು. ತೇನ್ಮೊಳಿಯ ಹೆಸರಿನ ಮುಂದೆ ಏನೋ ಬರೆದು ಸಹಿ ಹಾಕಿದರು.

ಸವರಿಯಮ್ಮಾಳ್ ಪುಸ್ತಕವನ್ನು ಕಣ್ಣಿಗೆ ಹತ್ತಿರ ಹಿಡಿದು ಅಕ್ಷರ ಕೂಡಿಸಿ ಓದಿದಳು. "ಇರಬಹುದು, ತಾತ್ಕಾಲಿಕ." ನನ್ನತ್ತ ಕೈ ಚಾಚಿದಳು. "ಬ್ಲೇಡು."

ಡಿಸ್ಪೆನ್ಸರಿಯಿಂದ ತಂದು ಕೊಟ್ಟೆ.

"ಮೂರು ವರ್ಷದ ಮಗು ತಾತ್ಕಾಲಿಕ ಅಂದ್ರೇನು ದೊರೆ? ಸಂಜೆಗೆ ಆವಿಯಾಗುತ್ತಾ?" ಎನ್ನುತ್ತ, ಅವರ ಎದುರಿಗೇ, ಕಾಗದ ಹರಿಯದಂತೆ ಆ ಒಂದು ಪದವನ್ನು ಕೆರೆದು ತೆಗೆದಳು. ಸಹಿಯನ್ನು ಮುಟ್ಟಲಿಲ್ಲ. ಆಮೇಲೆ ಬಾಗಿಲು ತೆಗೆದಳು.

ಮುಂದಿನ ಸೋಮವಾರಗಳು ಸುಮ್ಮನೆ ಕಳೆದವು. ತಪಾಸಣೆಯವರು ಬಂದರು, ಮಕ್ಕಳಿಗೆ ಬಿಸ್ಕತ್ತು ಹಂಚಿ ಹೋದರು. ಆದರೆ ಅಪಸ್ಮಾರ ಗುಣವಾಗಿರಲಿಲ್ಲ, ಹತೋಟಿಯಲ್ಲಿತ್ತು, ಅಷ್ಟೆ. ಆಗಸ್ಟಿನಲ್ಲಿ ಜ್ವರ ಬಂದಿದ್ದ ಒಂದು ಗುರುವಾರ ತೇನ್ಮೊಳಿ ಮತ್ತೆ ಬಿದ್ದಳು. ಒಂದು ನಿಮಿಷ ನಲವತ್ತು ಸೆಕೆಂಡು. ಸುತ್ತು ಹಾಕಲು ಬಂದಿದ್ದ ಚಿಕ್ಕ ದೊರೆ ಕಿಟಕಿಯಲ್ಲಿ ನಿಂತು ಕೇಳಿದರು, "ಮತ್ತೆ ಶುರುವಾಯ್ತಾ?"

ಸವರಿಯಮ್ಮಾಳ್ ಮಗುವಿನ ಬಾಯಿಯ ಜೊಲ್ಲು ಒರೆಸುತ್ತಿದ್ದಳು. ತಲೆ ಎತ್ತಲಿಲ್ಲ.

"ಜ್ವರ. ಮೆಲ್ಲಗೆ ಮಾತಾಡಿ ದೊರೆ, ಈಗಷ್ಟೇ ಮಲಗಿದೆ."