ಕಂದು ಹತ್ತದ ಬಟ್ಟೆ

ವಾರ್ತಿನಿಗೆ ಕನ್ನಡವನ್ನು ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಅವಳು ಜಾವಾದವಳು, ಐದು ಹೊತ್ತು ನಮಾಜು ಮಾಡುವವಳು, ಯೋಗ್ಯಕರ್ತದ ದಕ್ಷಿಣಕ್ಕೆ ಗುಡ್ಡದ ಮಗ್ಗುಲಲ್ಲಿರುವ ಒಂದು ಹಳ್ಳಿಯವಳು. ಪಕ್ಕದ ದೇಶದ ಬಾಂಗ್ಸಾರ್ ಬಡಾವಣೆಯಲ್ಲಿ ಹದಿನಾಲ್ಕನೆಯ ಮಹಡಿಯಲ್ಲಿರುವ ಮೈಸೂರಿನ ರಮಾನಂದ, ಜಲಜಾ ಅವರ ಮನೆಗೆಲಸಕ್ಕೆ ಸೇರಿ ಹನ್ನೊಂದು ವರ್ಷವಾಗಿತ್ತು. ಬೈಸಿಕೊಳ್ಳುತ್ತ, ಬೈಸಿಕೊಳ್ಳುತ್ತಲೇ ಭಾಷೆ ಬಂತು. ಆ ಮನೆಯ ಮಗಳು ಪೂರ್ವಿ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಹಾಲು ಉಕ್ಕಿದರೆ "ಅಯ್ಯೋ ಶಿವನೇ" ಅನ್ನುತ್ತಿದ್ದವಳು ಮಾತ್ರ ವಾರ್ತಿನಿ. ಬಿಸಿಬೇಳೆಬಾತಿನ ಪುಡಿ ಹದವಾಗಿ ಹುರಿಯುವುದರಲ್ಲಿ ಅವಳನ್ನು ಮೀರಿಸುವವರು ಆ ಕಟ್ಟಡದಲ್ಲೇ ಇರಲಿಲ್ಲ.

ಅಡುಗೆಮನೆಯ ಹಿಂದೆ ಬಟ್ಟೆ ಒಣಗಿಸುವ ಮೋಟು ಬಾಲ್ಕನಿ, ಅದರ ಪಕ್ಕದಲ್ಲಿ ಅವಳ ಕೋಣೆ. ಕೋಣೆ ಅಂದರೆ ಒಂದು ಮಂಚ, ಮಂಚದ ಕೆಳಗೆ ಒಂದು ತಗಡಿನ ಪೆಟ್ಟಿಗೆ, ಅಷ್ಟೇ. ಪೆಟ್ಟಿಗೆಗೆ ಬೀಗವಿರಲಿಲ್ಲ. ಹನ್ನೊಂದು ವರ್ಷದಲ್ಲಿ ಆ ಕೋಣೆಗೆ ಮನೆಯವರು ಯಾರೂ ಕಾಲಿಟ್ಟಿರಲಿಲ್ಲ, ಇನ್ನು ಬೀಗ ಯಾಕೆ?

ಪೆಟ್ಟಿಗೆಯಲ್ಲಿದ್ದದ್ದು ಅವಳ ತಾಯಿಯ ಸಾವಿನ ಬಟ್ಟೆ. ಕೇಳಿದವರು ಹೌಹಾರಬಾರದು. ಅವರ ಕಡೆ ಇದು ಅಪಶಕುನದ ಮಾತಲ್ಲ. ಹೆಣಕ್ಕೆ ಬಿಳಿ ಬಟ್ಟೆ ಸುತ್ತಿದ ಮೇಲೆ, ಹೊತ್ತುಕೊಂಡು ಹೋಗುವಾಗ ಮೇಲೊಂದು ಬಾಟಿಕ್ ಬಟ್ಟೆ ಹೊದಿಸುತ್ತಾರೆ. ಆ ಚಿತ್ತಾರದ ಹೆಸರು ಸ್ಲೊಬೊಗ್. ಸಡಿಲ ಎಂದು ಅದರ ಅರ್ಥ. ಹೋಗುವ ಜೀವಕ್ಕೆ ದಾರಿ ಬಿಗಿಯಾಗದಿರಲಿ, ಸಲೀಸಾಗಿ ಸಾಗಲಿ ಎಂದು. ಸಾಲುಸಾಲು ತ್ರಿಕೋನಗಳು, ಬಿಳಿ, ಕಡುನೀಲಿ, ಕಂದು. ವಾರ್ತಿನಿಯ ಕೇರಿಯಲ್ಲಿ ಅದನ್ನು ಅಂಗಡಿಯಿಂದ ತರುವ ಹಾಗಿಲ್ಲ. ತಾಯಿಯದನ್ನು ಹಿರಿಮಗಳು ಕೈಯಾರೆ ಬರೆಯಬೇಕು, ಕಿರಿಯವಳು ಬಣ್ಣಕ್ಕೆ ಅದ್ದಬೇಕು. ತಾಯಿ ಕರ್ಸಿ ತನ್ನ ತಾಯಿಗೆ ಹಾಗೆಯೇ ಬರೆದಿದ್ದಳು.

"ನಂದು ಯಾವಾಗ ಶುರು ಮಾಡ್ತೀಯೇ? ನಾನು ಸತ್ತ ಮೇಲಾ?" ಎಂದು ಕರ್ಸಿ ಫೋನಿನಲ್ಲಿ ನಗುತ್ತ ಕೇಳಿದ್ದು 2017ರಲ್ಲಿ. ಮರುವಾರವೇ ವಾರ್ತಿನಿ ಬಿಳಿ ಬಟ್ಟೆ ತಂದಳು. ಭಾನುವಾರ ಮಧ್ಯಾಹ್ನದ ಮೂರು ಗಂಟೆ ಅವಳ ಸ್ವಂತದ್ದು. ಬಾಲ್ಕನಿಯಲ್ಲಿ ಪುಟ್ಟ ಒಲೆ ಹಚ್ಚಿ, ಮೇಣ ಕರಗಿಸಿ, ತಾಮ್ರದ ಸಣ್ಣ ಮೂತಿಯ ಕಡ್ಡಿಯಿಂದ ಗೆರೆ ಗೆರೆಯಾಗಿ ಬರೆಯುತ್ತ ಕೂರುವಳು. ಮೇಣ ಕೂತ ಕಡೆ ಬಣ್ಣ ಹತ್ತುವುದಿಲ್ಲ, ಬಾಟಿಕ್ಕಿನ ಗುಟ್ಟೆಲ್ಲ ಅಷ್ಟೇ. ಪೂರ್ವಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡುವಳು, ಯಾರಿಗೆ, ಯಾತಕ್ಕೆ ಎಂದೆಲ್ಲ ಕೇಳುವಳು. ಜಲಜಾ ಒಳಗಿಂದಲೇ, "ವಾರ್ತಿ, ಬಾಗಿಲು ಮುಂದಕ್ಕೆ ಎಳ್ಕೊಳೇ, ಮೇಣದ ವಾಸನೆಗೆ ತಲೆ ನೋಯತ್ತೆ" ಅನ್ನುವಳು. ಬಾಗಿಲು ಮುಚ್ಚಿಕೊಳ್ಳುತ್ತಿತ್ತು.

ಜಲಜಾಗೆ ಬಾಟಿಕ್ ಗೊತ್ತಿಲ್ಲ ಅಂತಲ್ಲ. ಗೊತ್ತಿದ್ದದ್ದೇ ಎಡವಟ್ಟಾಯಿತು. 2018ರ ರಜೆಯಲ್ಲಿ ಮನೆಮಂದಿಯೆಲ್ಲ ನಾಲ್ಕು ದಿನ ಯೋಗ್ಯಕರ್ತಕ್ಕೆ ಹೋಗಿದ್ದರು. ಮಗು ನೋಡಿಕೊಳ್ಳಲು ವಾರ್ತಿನಿಯೂ ಜೊತೆಗಿದ್ದಳು. ಬೊರೊಬುದುರ್ ಸ್ತೂಪದ ಮೆಟ್ಟಿಲ ಮೇಲೆ ಫೋಟೋ, ತೊಗಲುಗೊಂಬೆಯಾಟದಲ್ಲಿ ಅರ್ಜುನನನ್ನು ಗುರುತು ಹಿಡಿದ ಸಂಭ್ರಮ, ಆಮೇಲೆ ಪ್ರವಾಸಿಗರಿಗೆಂದೇ ನಡೆಸುವ ಬಾಟಿಕ್ ಪಾಠ. ಜಲಜಾ ಒಂದು ಕರವಸ್ತ್ರದ ಮೇಲೆ ಹೂವು ಬರೆದಳು, ಅದನ್ನು ಒಂದೇ ಬಣ್ಣಕ್ಕೆ ಅದ್ದಿದರು, ಕುದಿಯುವ ನೀರಿಗೆ ಹಾಕಿ ಮೇಣ ಬಿಡಿಸಿದರು, ಮುಗಿಯಿತು. ಮುಕ್ಕಾಲು ಗಂಟೆಯಲ್ಲಿ ಸರ್ಟಿಫಿಕೇಟೂ ಬಂತು. ವಾರ್ತಿನಿ ಅಷ್ಟು ಹೊತ್ತೂ ಚೀಲಗಳನ್ನು ಹಿಡಿದುಕೊಂಡು ಹೊರಗೆ ನಿಂತಿದ್ದಳು. ಅವಳ ಹಳ್ಳಿ ಅಲ್ಲಿಂದ ನಲವತ್ತು ನಿಮಿಷದ ದಾರಿ. "ಟೈಮಿಲ್ಲ ಕಣೇ, ಮುಂದಿನ ಸಲ ಹೋಗೋಣ" ಎಂದರು ರಮಾನಂದ. ಮುಂದಿನ ಸಲ ಎನ್ನುವುದು ಬರಲೇ ಇಲ್ಲ.

2019ರ ಹಬ್ಬಕ್ಕೆ ಒಬ್ಬಳೇ ಊರಿಗೆ ಹೋದಾಗ ಬಟ್ಟೆಗೆ ನೀಲಿ ಹತ್ತಿಸಿಕೊಂಡು ಬಂದಳು. ಇನ್ನು ಬಿಳಿ ಉಳಿಯಬೇಕಾದ ಕಡೆ, ನೀಲಿ ಉಳಿಯಬೇಕಾದ ಕಡೆ ಎಲ್ಲ ಮತ್ತೊಮ್ಮೆ ಮೇಣ ಬರೆದು, ಮುಂದಿನ ವರ್ಷ ಒಯ್ದರೆ ತಂಗಿ ಸುಮಿ ಕಂದಿಗೆ ಅದ್ದುವಳು. ಕುದಿನೀರಿನ ಕೆಲಸ ಅದಾದ ಮೇಲೆ, ಕಟ್ಟಕಡೆಗೆ.

ಅಷ್ಟರಲ್ಲಿ ಕೊರೋನಾ ಬಂತು, ಗಡಿ ಮುಚ್ಚಿತು. ಹೋದರೆ ಹೋಗಬಹುದು, ವಾಪಸ್ ಬರುವ ಹಾಗಿಲ್ಲ. ಕರ್ಸಿಯ ಔಷಧಿ, ಸುಮಿಯ ಮನೆ ಎಲ್ಲ ನಿಂತಿದ್ದು ಈ ಕೆಲಸದ ಮೇಲೆ. ವಾರ್ತಿನಿ ಹಲ್ಲುಕಚ್ಚಿ ಉಳಿದಳು. ಮನೆಯವರೆಲ್ಲ ದಿನವಿಡೀ ಮನೆಯಲ್ಲೇ, ಮೂರು ಹೊತ್ತಿನ ಅಡುಗೆ ಐದು ಹೊತ್ತಿನದಾಯಿತು, ಭಾನುವಾರದ ಮೂರು ಗಂಟೆ ಒಂದಕ್ಕಿಳಿಯಿತು. ಆದರೂ ಬಿಡಲಿಲ್ಲ. 2021ರ ಜುಲೈ ಹೊತ್ತಿಗೆ ಕೊನೆಯ ತ್ರಿಕೋನಕ್ಕೆ ಮೇಣ ಬಿತ್ತು.

ಆ ತಿಂಗಳಲ್ಲೇ ಕರ್ಸಿ ಮಲಗಿದಳು. ಊರಲ್ಲಿ ಮನೆಗೊಂದು ಸಾವು. ಆಸ್ಪತ್ರೆಯಲ್ಲಿ ಹಾಸಿಗೆಯಿಲ್ಲ, ಆಮ್ಲಜನಕವಿಲ್ಲ. ಫೋನಿನಲ್ಲಿ ಏದುಸಿರು ಬಿಡುತ್ತ ತಾಯಿ ಕೇಳುತ್ತಿದ್ದದ್ದು ಒಂದೇ ಮಾತು.

"ಬಟ್ಟೆ ಎಲ್ಲೀತನಕ ಬಂತು?"

"ಮುಗೀತಮ್ಮಾ. ಸೋಮವಾರ ಪಾರ್ಸೆಲ್ ಹಾಕ್ತೀನಿ. ಸುಮಿ ಕಂದು ಹಾಕ್ತಾಳೆ."

"ಹಾಗಾದ್ರೆ ಕಾಯ್ತೀನಿ" ಎಂದಳು ಕರ್ಸಿ.

ಆದರೆ ಗುರುವಾರ ಜಲಜಾಗೆ ಮಲ್ಲಿಗೆ, ವೀಳ್ಯದೆಲೆ ಬೇಕಾಯಿತು. ಮಾರನೆಯ ದಿನ ಆಷಾಢ ಶುಕ್ರವಾರ, ಮೈಸೂರಿನವರು ಚಾಮುಂಡಿಯನ್ನು ಬಿಡಲು ಸಾಧ್ಯವೇ? ಮನೆಗೊಬ್ಬರು ಮಾತ್ರ ಹೊರಗೆ ಹೋಗಬಹುದೆಂಬ ಕಾನೂನು ಬೇರೆ. ಆ ಒಬ್ಬರು ಯಾರಾಗುತ್ತಾರೆಂದು ಕೇಳಬೇಕಾಗಿಲ್ಲ. ವಾರ್ತಿನಿ ಬ್ರಿಕ್‌ಫೀಲ್ಡ್ಸ್‌ನ ಹೂವಿನಂಗಡಿಯ ಸಾಲಿನಲ್ಲಿ ಒಂದು ಗಂಟೆ ನಿಂತು ಬಂದಳು. ಭಾನುವಾರಕ್ಕೆ ಜ್ವರ, ಸೋಮವಾರ ಪಾಸಿಟಿವ್. ಮೈಯೆಲ್ಲ ಮುಚ್ಚಿಕೊಂಡವರು ಬಂದು, ಅರ್ಧ ಗಂಟೆಯಲ್ಲಿ ಅವಳನ್ನು ಸೆರ್ಡಾಂಗ್ ಕಡೆಯ ಕ್ವಾರಂಟೈನ್ ಕೇಂದ್ರಕ್ಕೆ ಕರೆದೊಯ್ದರು. ಪಾರ್ಸೆಲ್ ಆಗಬೇಕಿದ್ದ ಬಟ್ಟೆ ಪೆಟ್ಟಿಗೆಯಲ್ಲೇ ಉಳಿಯಿತು. ಮನೆಯವರಿಗೆ ಹೇಳಿ ಅದನ್ನು ಊರಿಗೆ ಕಳಿಸಲೇ ಎಂದು ಅಲ್ಲಿನ ರಟ್ಟಿನ ಮಂಚದ ಮೇಲೆ ಕೂತು ಯೋಚಿಸಿದಳು. ಬೇಡ, ಹತ್ತು ದಿನ ತಾನೇ, ಆ ಕೋಣೆಗೆ ಯಾರು ಹೋಗುತ್ತಾರೆ ಎಂದುಕೊಂಡಳು. ಪಾಪ, ಅದು ಅವಳ ತಪ್ಪು ಲೆಕ್ಕ.

ಹನ್ನೊಂದನೆಯ ದಿನ ವಾಪಸ್ ಬಂದಾಗ ಜಲಜಾ ಬಾಗಿಲಲ್ಲೇ ಸ್ಯಾನಿಟೈಸರ್ ಹಿಡಿದು ನಿಂತಿದ್ದಳು. ಮುಖದಲ್ಲಿ ನಿಜವಾದ ಸಂತೋಷ.

"ಬಾರೇ ವಾರ್ತಿ, ಬಾ. ನೀನಿಲ್ದೆ ಕೈ ಮುರಿದ ಹಾಗಾಗಿತ್ತು. ನಿನ್ನ ರೂಮೆಲ್ಲಾ ನಾನೇ ಡೆಟಾಲ್ ಹಾಕಿ ಒರೆಸಿದೀನಿ, ನೋಡು. ನಿನ್ನ ಬಟ್ಟೆ, ಹೊದಿಕೆ ಒಂದನ್ನೂ ಬಿಡದೆ ಕುದಿಸಿಬಿಟ್ಟೆ."

ವಾರ್ತಿನಿ ಚಪ್ಪಲಿ ಬಿಡುವುದನ್ನೂ ಮರೆತು ಬಾಲ್ಕನಿಗೆ ನಡೆದಳು. ತಂತಿಯ ಮೇಲೆ ಅದು ಹಾಡಹಗಲ ಬಿಸಿಲಿನಲ್ಲಿ ಮೆತ್ತಗೆ ಅಲುಗಾಡುತ್ತಿತ್ತು. ಬರೀ ನೀಲಿ, ಬರೀ ಬಿಳಿ. ಎರಡು ವರ್ಷದ ಮೇಣ ಒಂದು ಚೂರೂ ಇಲ್ಲ.

"ಅದಾ? ಅದು ಬಾಟಿಕ್ ಅಂತ ನೋಡಿದ ತಕ್ಷಣ ಗೊತ್ತಾಯ್ತು ಕಣೇ" ಜಲಜಾ ಹಿಂದೆಯೇ ಬಂದಳು. "ಬಣ್ಣ ಹಾಕಿ ಆಗಿತ್ತು, ಮೇಣ ಹಾಗೇ ಇತ್ತು. ಕೊನೇಗೆ ಬಿಸಿನೀರಲ್ಲಿ ಬಿಡಿಸ್ತಾರಲ್ಲ, ಯೋಗ್ಯಕರ್ತದಲ್ಲಿ ನಾನೇ ಮಾಡಿದ್ದೆ. ದೊಡ್ಡ ಪಾತ್ರೇಲಿ ಹಾಕಿ ಕುದಿಸಿದೆ. ನಿಂಗೊಂದು ಕೆಲಸ ಉಳೀತು ನೋಡು!"

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗೆ ಎನ್ನುತ್ತಾರೆ. ಆ ಗಾದೆ ಕಟ್ಟಿದವನಿಗೆ ನಗು ಬಂದಿರಬೇಕು. ವಾರ್ತಿನಿಗೆ ಅಳುವೂ ಬರಲಿಲ್ಲ. ಬೈಯೋಣವೆಂದರೆ ಎದುರಿಗೆ ನಿಂತವಳ ಮುಖದಲ್ಲಿ ಕೇಡಿನ ಸುಳಿವಿಲ್ಲ, ಬಿಸಿನೀರಿನಿಂದ ಕೆಂಪಾದ ಬೆರಳುಗಳು ಬೇರೆ. "ಹೂಂ ಅಮ್ಮಾ" ಎಂದಳು. ಬಟ್ಟೆ ಎಳೆದುಕೊಂಡು ಮಡಿಚಿದಳು. ಆಮೇಲೆ ಚಪ್ಪಲಿ ಬಿಟ್ಟು ಬಂದು ಅಕ್ಕಿ ತೊಳೆದಳು.

ಅವತ್ತು ಸಂಜೆ ತಾಯಿ ಮತ್ತೆ ಕೇಳಿದಳು. ಈಗ ದನಿಯೇ ಉಳಿದಿರಲಿಲ್ಲ, ಸುಮಿ ಫೋನನ್ನು ಬಾಯಿಗೆ ಒತ್ತಿ ಹಿಡಿಯಬೇಕಾಗಿತ್ತು.

"ದಾರೀಲಿದೆ ಅಮ್ಮಾ" ಎಂದಳು ವಾರ್ತಿನಿ. ಜನ್ಮದಲ್ಲಿ ತಾಯಿಗೆ ಹೇಳಿದ ಮೊದಲ ಸುಳ್ಳು ಅದೇನಲ್ಲ, ಆದರೆ ಅಷ್ಟು ದೊಡ್ಡ ಸುಳ್ಳು ಹೇಳಿರಲಿಲ್ಲ. ನಾಳೆಯಿಂದ ಹಗಲೂ ರಾತ್ರಿ ಕೂತು ಮತ್ತೆ ಮೇಣ ಬರೆದರೂ ನಾಲ್ಕು ತಿಂಗಳು ಬೇಕು. ಹಾಗೇ ಕಳಿಸೋಣವೆಂದರೆ ಕಂದಿಲ್ಲದ ಸ್ಲೊಬೊಗ್ ಸ್ಲೊಬೊಗ್ಗೇ ಅಲ್ಲ.

ಕರ್ಸಿ ಇನ್ನೂ ನಾಲ್ಕು ದಿನ ಜೀವ ಹಿಡಿದುಕೊಂಡಿದ್ದಳು. ಹೊರಗೆ ಬೈಕಿನ ಸದ್ದಾದಾಗಲೆಲ್ಲ ಕತ್ತನ್ನು ಬಾಗಿಲ ಕಡೆ ಹೊರಳಿಸುತ್ತಿದ್ದಳೆಂದು ಸುಮಿ ಆಮೇಲೆ ಹೇಳಿದಳು. ಐದನೆಯ ದಿನ ಬೆಳಗ್ಗೆ ಹನ್ನೊಂದಕ್ಕೆ, ಹುರುಳಿಕಾಯಿ ಹೆಚ್ಚುತ್ತಿದ್ದ ವಾರ್ತಿನಿ ಫೋನನ್ನು ನೀರಿನ ಜಗ್ಗಿಗೆ ಒರಗಿಸಿಕೊಂಡು ತಾಯಿಯ ಮಣ್ಣು ನೋಡಿದಳು. ಪ್ಲಾಸ್ಟಿಕ್ ಸುತ್ತಿದ ಪೆಟ್ಟಿಗೆ, ಬಿಳಿ ಪೋಷಾಕಿನ ಆರು ಜನ, ಹಗ್ಗ. ಹತ್ತು ನಿಮಿಷದಲ್ಲಿ ಮುಗಿಯಿತು.

"ಯಾವ ಬಟ್ಟೇನೂ ಹೊದಿಸೋಕೆ ಬಿಡ್ಲಿಲ್ಲ ಅಕ್ಕಾ" ಸುಮಿ ಅಳುತ್ತಿದ್ದಳು. "ನಿಂದು ಬಂದಿದ್ರೂ ಬಿಡ್ತಿರ್ಲಿಲ್ಲ."

ಸಮಾಧಾನಕ್ಕೆಂದು ಹೇಳಿದ ಮಾತು. ಸಮಾಧಾನವೇನೂ ಆಗಲಿಲ್ಲ. ಹೊದಿಸಲು ಬಿಡದಿದ್ದರೇನು, ಬಟ್ಟೆ ತಲುಪಿದ್ದರೆ ತಾಯಿ ಕಣ್ಣಾರೆ ನೋಡಿ ಹೋಗುತ್ತಿದ್ದಳಲ್ಲ.

ನಿಜ ಹೊರಗೆ ಹಾಕಿದ್ದು ಪೂರ್ವಿ. ಊಟದ ಮೇಜಿನ ಮುಂದೆ ತಟ್ಟೆ ತಳ್ಳಿ, "ಮಮ್ಮಾ, ಯು ರೂಯಿನ್ಡ್ ಇಟ್. ದಟ್ ವಾಸ್ ಫಾರ್ ಹರ್ ಮದರ್ಸ್ ಫ್ಯೂನರಲ್. ಇಟ್ ವಾಸ್ ನಾಟ್ ಫಿನಿಷ್ಡ್!" ಎಂದು ಕಿರುಚಿದಳು. ಜಲಜಾ ಮೊದಲು ಬೆಪ್ಪಾದಳು, ಆಮೇಲೆ ಬಿಳಿಚಿಕೊಂಡಳು. ಹನ್ನೊಂದು ವರ್ಷದಲ್ಲಿ ಎರಡನೆಯ ಸಲ ಅವಳು ಆ ಕೋಣೆಯ ಹೊಸ್ತಿಲಿಗೆ ಬಂದಳು. ವಾರ್ತಿನಿ ಮಂಚದ ಮೇಲೆ ಬಟ್ಟೆ ಹರಡಿಕೊಂಡು ಕೂತಿದ್ದಳು.

"ಯಾಕೆ ಹೇಳ್ಲಿಲ್ವೇ ನಂಗೆ? ಒಂದು ಮಾತು ಹೇಳಿದ್ರೆ ನಾನು ಮುಟ್ತಿದ್ನಾ?" ಎಂದಳು ಜಲಜಾ.

"ನಾಕು ವರ್ಷ ಇಲ್ಲೇ ಕೂತು ಬರೀತಿದ್ದೆ ಅಮ್ಮಾ. ಏನು ಬರೀತೀಯ ಅಂತ ನೀವು ಕೇಳ್ಲಿಲ್ಲ" ಎಂದಳು ವಾರ್ತಿನಿ. ಸಿಟ್ಟಿನಿಂದ ಹೇಳಲಿಲ್ಲ. ಉಪ್ಪು ಮುಗಿದಿದೆ ಎಂದು ಹೇಳುವ ದನಿಯಲ್ಲೇ ಹೇಳಿದಳು.

ಜಲಜಾ ಸೆರಗಿನಿಂದ ಕಣ್ಣೊರೆಸಿಕೊಂಡಳು. "ತಪ್ಪಾಯ್ತು ಕಣೇ. ಗಡಿ ತೆಗೀಲಿ, ನಾನೇ ಟಿಕೆಟ್ ಮಾಡಿಸ್ತೀನಿ. ಹೋಗಿ ಕಂದು ಹಾಕಿಸ್ಕೊಂಡು ಬಾ. ಅವರ ಗೋರಿ ಮೇಲಾದ್ರೂ ಹೊದಿಸು."

"ಸತ್ತ ಮೇಲೆ ಬರೆಯೋ ಹಾಗಿಲ್ಲಮ್ಮಾ. ಹೋಗೋವಾಗ ಬೇಕು ಅದು" ವಾರ್ತಿನಿ ಅಂಗೈಯಿಂದ ಒಂದು ಸುಕ್ಕು ಒತ್ತಿದಳು. "ಗಂಡ ಬಿಟ್ಟು ಹೋದ, ಮಗಳಿಲ್ಲ. ನಂಗೆ ಬರೆಯೋರು ಯಾರೂ ಇಲ್ಲ. ಇದು ನಂಗೇ ಇರ್ಲಿ, ಹೀಗೇ."

ಜಲಜಾ ಒಳಗೆ ಹೋದಳು. ಅಂದಿನ ರಾತ್ರಿಯ ಅನ್ನ ಅವಳೇ ಮಾಡಿದಳು, ತಳ ಹತ್ತಿತ್ತು, ಎಲ್ಲರೂ ಅದನ್ನೇ ತಿಂದರು.

ಮರುದಿನ ತರಕಾರಿಗೆ ಹೋದ ವಾರ್ತಿನಿ ಬರುವಾಗ ಕೊತ್ತಂಬರಿ ಸೊಪ್ಪಿನ ಜೊತೆಗೆ ಒಂದು ಹಿತ್ತಾಳೆ ಬೀಗ ತಂದಳು. ಬಟ್ಟೆಯನ್ನು ಪೆಟ್ಟಿಗೆಯ ತಳಕ್ಕೆ ಇಟ್ಟು, ಮೇಲೆ ಮೇಣದ ಕಡ್ಡಿಯನ್ನೂ ಇಟ್ಟು ಬೀಗ ಹಾಕಿದಳು. ಬೀಗದ ಕೈಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಳು. ಆಮೇಲೆ ಭಾನುವಾರ ಮಧ್ಯಾಹ್ನ ಜಲಜಾ ಬಾಲ್ಕನಿಯ ಬಾಗಿಲು ತೆರೆದೇ ಇಡುತ್ತಿದ್ದಳು. ಅಲ್ಲಿ ಯಾರೂ ಕೂರುತ್ತಿರಲಿಲ್ಲ.