ಪಟ್ಟಿ ತೆರೆಯದ ದಿನ

ಬನವಾಸಿ ಸುತ್ತಲಿನ ರಕ್ತದಾನಿಗಳ ಪಟ್ಟಿಯನ್ನು ನಮ್ಮ ಯಜಮಾನರು ಹನ್ನೆರಡು ವರ್ಷ ಕಂಪ್ಯೂಟರಿನಲ್ಲಿ ಇಟ್ಟಿದ್ದರು. ಫೋನು ಬಂದರೆ ಊಟ ಬಿಟ್ಟು ಏಳುತ್ತಿದ್ದರು. ಅವರು ತೀರಿಕೊಂಡ ಎರಡು ತಿಂಗಳಿಗೆ, ಶಿರಸಿಯಲ್ಲಿ ಒಬ್ಬ ಬಾಣಂತಿಗೆ ರಕ್ತ ಬೇಕಾಯಿತು. ಕಂಪ್ಯೂಟರ್ ರಿಪೇರಿಯ ಶಾಂಭವಿ ಬಂದು ಪಟ್ಟಿಯ ಫೈಲನ್ನು ತೆರೆಯಲು ನೋಡಿದಳು. ಅನುಮತಿ ಇಲ್ಲ ಎಂದು ಪರದೆಯ ಮೇಲೆ ಬಂತು.

“ಅವರೇ ಏನೋ ಕೆಡಿಸಿಟ್ಟಾರ” ಎಂದೆ.

“ಇಲ್ರೀ ಅಕ್ಕಾ, ಫೈಲು ಅಣ್ಣಾರ ಹೆಸರಿನ ಮ್ಯಾಲೆ ಐತಿ. ಆ ಹೆಸರನ್ನ ಕಂಪ್ಯೂಟರಿಂದ ಯಾರೋ ತಗದಾರ.”

ತೆಗೆಸಿದವಳು ನಾನೇ. ನಾನು ಎಂದೂ ಬಾಯಿಬಿಟ್ಟು ಹೇಳದ ಹೆಸರು ಪರದೆಯ ಮೇಲೆ ಕಾಣುವುದನ್ನು ತಾಳಲಾರದೆ ತೆಗೆಸಿದ್ದೆ. ಸತ್ತವರ ಮೇಲೆ ತಪ್ಪು ಹಾಕಿದೆನಲ್ಲ ಎಂದು ತಲೆ ತಗ್ಗಿಸಿ ಒಪ್ಪಿಕೊಂಡೆ. ಶಾಂಭವಿ ಫೈಲಿನ ಹಕ್ಕನ್ನು ನನ್ನ ಹೆಸರಿಗೆ ಮಾಡಿದಳು. ಪಟ್ಟಿ ತೆರೆಯಿತು. ಮೊದಲ ದಾನಿಗೆ ನಾನೇ ಫೋನು ಹಚ್ಚಿದೆ.

“ಯಾರ್ರೀ?”

“ಗದಿಗೆಪ್ಪನವರ ಹೆಂಡತಿ” ಎಂದೆ.